ಬಸು ಅವರ ಆನೆ, ಹಡಗಲಿಯ ರಾವ್ ಮತ್ತು ನಮ್ಮೊಳಗೆ ಹೆಸರಾಗುವುದು

2023ರ ಏಪ್ರಿಲ್‌ನಲ್ಲಿ ಹೊಸಪೇಟೆಯಿಂದ ನಮ್ಮ ಮಾವ ಫೋನ್ ಮಾಡಿದ್ದರು. ಬೆಳಗಿನ ಪೇಪರ್ ಓದಿದ ಉತ್ಸಾಹ ಇನ್ನೂ ಇಳಿದಿರಲಿಲ್ಲ. "ಏನಪಾ, ನಮ್ಮ ಹಡಗಲಿಯಾಗ ಹುಟ್ಟಿದವ್ರಿಗೆ ನೊಬೆಲ್‌ನಂಥ ಪ್ರೈಜ್ ಬಂದೈತಂತ. ರಾವ್ ಅಂತ. ನಿಮ್ ಸ್ಟ್ಯಾಟಿಸ್ಟಿಕ್ಸ್‌ನವ್ರಂತ. ಗೊತ್ತೇನು ನಿನಗ?" ಗೊತ್ತು ಮಾವ ಅಂದೆ. ಸಿ.ಆರ್. ರಾವ್ ಗೊತ್ತಿಲ್ಲ ಅಂದರೆ ನನ್ನ ಡಿಗ್ರಿ ವಾಪಸ್ ತಗೋತಾರೆ. "ಹಂಗಾದ್ರ ಏನ್ ಮಾಡ್ಯಾರ ಅವ್ರು?" ಅಂತ ಮುಂದಿನ ಪ್ರಶ್ನೆ. ನಮ್ಮ ಮಾವನಿಗೆ ಕಬ್ಬಿನ ಗದ್ದೆ ಇದೆ, ಹಾಗಾಗಿ ಆ ದಾರಿ ಹಿಡಿದೆ. ಗಾಣ ಎಷ್ಟೇ ಒಳ್ಳೇದಿರಲಿ, ಕಬ್ಬಿನೊಳಗೆ ಇರೋದಕ್ಕಿಂತ ಜಾಸ್ತಿ ಹಾಲು ಬರಲ್ಲ ಅಲ್ವಾ? ಹಾಗೇ ಒಂದಿಷ್ಟು ಅಂಕಿಅಂಶ ಕೈಯಲ್ಲಿದ್ದರೆ, ಎಷ್ಟೇ ಬುದ್ಧಿ ಖರ್ಚು ಮಾಡಿ ಅಂದಾಜು ಹಾಕಿದರೂ ತಪ್ಪು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲ್ಲ. ಆ ಮಟ್ಟ ಎಷ್ಟು ಅಂತ ಲೆಕ್ಕ ಹಾಕಿ ತೋರಿಸಿದವರು ಅವರು, ಅಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಹೇಳಾಕ 102 ವರ್ಷ ಕಾಯಿಸಿದ್ರಾ ಅವ್ರನ್ನ?" ಅಂದರು. ಆಮೇಲೆ ಇನ್ನೊಂದು ಕೇಳಿದರು. "ಇಲ್ಲಿ ನಮಗ್ಯಾರಿಗೂ ಅವ್ರು ಗೊತ್ತಿಲ್ಲ. ನಿಮ್ಮೊಳಗ ಎಲ್ಲಾರಿಗೂ ಗೊತ್ತೈತಾ? ಹೆಂಗ?"

ಈ "ಹೆಂಗ" ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಾನು ಬೆಂಗಳೂರಿನಲ್ಲಿ ಔಷಧಿ ಪ್ರಯೋಗಗಳ ಡೇಟಾ ನೋಡುವ ಕೆಲಸ ಮಾಡುತ್ತೇನೆ. ಸಂಶೋಧಕ ಅಲ್ಲ, ಸಂಶೋಧಕರು ಮಾಡಿಟ್ಟಿದ್ದನ್ನು ದಿನಾ ಬಳಸುವವನು. ಹೀಗಿರುವುದರಿಂದ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತಾ ಇರುತ್ತದೆ. ಮುನ್ನೂರು ಪೇಪರ್ ಬರೆದವರ ಹೆಸರು ನಮ್ಮ ಮಾತಿನಲ್ಲಿ ಬರುವುದೇ ಇಲ್ಲ. ನಾಲ್ಕೇ ನಾಲ್ಕು ಬರೆದ ಒಬ್ಬರ ಹೆಸರು ವಾರಕ್ಕೆ ಹತ್ತು ಸಲ ಬರುತ್ತದೆ. ಟಿವಿಯಲ್ಲಿ ಕೂತು ಚುನಾವಣೆಯ ಅಂಕಿಅಂಶ ಹೇಳುವ ದೊಡ್ಡ ಹೆಸರನ್ನು ನಮ್ಮ ಫೀಲ್ಡ್‌ನಲ್ಲಿ ಕೇಳಿದರೆ "ಯಾರು?" ಅಂತಾರೆ. ಹೊರಗಿನ ಹೆಸರು ಹೇಗೆ ಹುಟ್ಟುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ, ಅದನ್ನು ಬಿಡಿ. ಒಳಗಿನ ಹೆಸರು ಹೇಗೆ ಹುಟ್ಟುತ್ತದೆ?

ಹನ್ನೊಂದು ಪುಟ

ರಾವ್ ಅವರಿಂದಲೇ ಶುರು ಮಾಡೋಣ. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಹುಟ್ಟಿದ್ದು, ಆಗ ಅದು ಮದ್ರಾಸ್ ಪ್ರಾಂತ್ಯ. ಮನೆಮಾತು ತೆಲುಗು. ಅಪ್ಪ ಪೊಲೀಸ್ ಇಲಾಖೆಯವರು, ಹತ್ತು ಮಕ್ಕಳಲ್ಲಿ ಇವರು ಎಂಟನೆಯವರು, ಕೃಷ್ಣನೂ ಎಂಟನೆಯವನಲ್ವಾ, ಅದಕ್ಕೇ ರಾಧಾಕೃಷ್ಣ ಅಂತ ಹೆಸರು. ಶಾಲೆ, ಕಾಲೇಜು ಓದಿದ್ದು ಆಂಧ್ರದ ಊರುಗಳಲ್ಲಿ. ಹಾಗಾಗಿ "ನಮ್ಮವರು" ಅಂತ ನಾವು ಜಾಸ್ತಿ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಮಲ್ಲಿಗೆಯಷ್ಟು ಖಚಿತವಾಗಿ ಹಡಗಲಿ ಅವರನ್ನು ತನ್ನದು ಅನ್ನಲಾರದು. ಯುದ್ಧದ ಕಾಲದಲ್ಲಿ ಸೈನ್ಯದ ಸರ್ವೆ ವಿಭಾಗದ ಕೆಲಸ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋದವರಿಗೆ ಆ ಕೆಲಸ ಸಿಗಲಿಲ್ಲ. ಅಲ್ಲಿ ಉಳಿದುಕೊಂಡಿದ್ದ ಕಡೆ ಸಿಕ್ಕ ಒಬ್ಬರು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕಟ್ಟಿದ ಸಂಸ್ಥೆಯಲ್ಲಿ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಐಎಸ್‌ಐ) ತರಬೇತಿ ಪಡೆಯುತ್ತಿದ್ದರು. ಇವರೂ 1941ರಲ್ಲಿ ಅಲ್ಲಿಗೇ ಸೇರಿದರು. ಸರ್ವೆ ಕೆಲಸ ಸಿಕ್ಕಿದ್ದರೆ? ಇದಕ್ಕೆ ಆಮೇಲೆ ಬರುತ್ತೇನೆ.

ಒಂದೆರಡು ವರ್ಷದ ನಂತರ ರಾವ್ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ವಯಸ್ಸು ಇನ್ನೂ ಇಪ್ಪತ್ತನಾಲ್ಕರ ಆಸುಪಾಸು. ಇಂಗ್ಲೆಂಡಿನ ದೊಡ್ಡ ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ ಒಂದು ಫಲಿತಾಂಶವನ್ನು ಬೋರ್ಡ್ ಮೇಲೆ ಸಾಧಿಸಿ ತೋರಿಸಿದರು. ಅದು ಸ್ಯಾಂಪಲ್ ತುಂಬಾ ತುಂಬಾ ದೊಡ್ಡದಾದಾಗ ಮಾತ್ರ ನಿಲ್ಲುವಂಥದ್ದು. ದಾಂಡೇಕರ್ ಅನ್ನುವ ವಿದ್ಯಾರ್ಥಿ ಎದ್ದು, ಸ್ಯಾಂಪಲ್ ಚಿಕ್ಕದಿದ್ದಾಗಲೂ ಹೀಗೇ ಏನಾದರೂ ಹೇಳಬಹುದಲ್ಲವಾ ಅಂತ ಕೇಳಿದ. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕೂತು ಅದನ್ನು ಬಿಡಿಸಿ, ಮಾರನೆಯ ದಿನ ಕ್ಲಾಸಿಗೆ ತಂದರು. ಇದು ಅವರೇ ಹೇಳಿಕೊಂಡಿದ್ದ ಕಥೆ. ಪ್ರಶ್ನೆ ಕೇಳಿದ ವಿ.ಎಂ. ದಾಂಡೇಕರ್ ಮುಂದೆ ಪುಣೆಯಲ್ಲಿ ಅರ್ಥಶಾಸ್ತ್ರಜ್ಞರಾಗಿ, ಭಾರತದ ಬಡತನದ ಲೆಕ್ಕಕ್ಕೆ ಹೆಸರಾದರು. ಈ ಪ್ರಶ್ನೆಗೆ ಮಾತ್ರ ಅವರ ಹೆಸರು ಅಂಟಲಿಲ್ಲ. ಹಿಂದಿನ ಬೆಂಚಿನಿಂದ ಬಂದ ಒಳ್ಳೆಯ ಪ್ರಶ್ನೆಗಳ ಪಾಡೇ ಇದು.

ಲೇಖನ 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಬುಲೆಟಿನ್‌ನಲ್ಲಿ ಅಚ್ಚಾಯಿತು. ಹನ್ನೊಂದು ಪುಟ. ಆ ಹನ್ನೊಂದು ಪುಟದಲ್ಲಿ ಮೂರು ಬೇರೆ ಬೇರೆ ವಿಷಯ ಕೂತಿವೆ. ಒಂದು, ನಾನು ಮಾವನಿಗೆ ಹೇಳಿದ ಕೆಳಮಿತಿ, ಕ್ರಾಮರ್-ರಾವ್. (ಪಕ್ಷಪಾತವಿಲ್ಲದ ಅಂದಾಜು, ಅಂದರೆ ಮತ್ತೆ ಮತ್ತೆ ಮಾಡಿದರೆ ಸರಾಸರಿಯಲ್ಲಿ ನಿಜಕ್ಕೇ ಬಂದು ನಿಲ್ಲುವಂಥದ್ದು, ಇತ್ಯಾದಿ ಷರತ್ತುಗಳಿವೆ, ಸಂಖ್ಯಾಶಾಸ್ತ್ರದವರು ಬಯ್ಯಬೇಡಿ.) ಎರಡು, ಒರಟು ಅಂದಾಜೊಂದನ್ನು ಹಿಡಿದು ಅದನ್ನು ಸುಧಾರಿಸುವ ಬಗೆ, ಅದು ರಾವ್-ಬ್ಲಾಕ್‌ವೆಲ್ (ಅಮೆರಿಕದ ಬ್ಲಾಕ್‌ವೆಲ್ ಆಮೇಲೆ ಇದನ್ನೇ ಮಾಡಿದವರು). ಮೂರನೆಯದು ಸಂಖ್ಯಾಶಾಸ್ತ್ರಕ್ಕೆ ರೇಖಾಗಣಿತದ ಕಣ್ಣು ಕೊಟ್ಟ ವಿಚಾರ. ಅದು ದಶಕಗಳ ಕಾಲ ಮಲಗಿದ್ದು, ಆಮೇಲೆ ಒಂದು ಇಡೀ ಶಾಖೆಯೇ ಆಯಿತು. ಮೂರರಲ್ಲಿ ಯಾವುದಕ್ಕೂ ಹೆಸರಿಟ್ಟವರು ರಾವ್ ಅಲ್ಲ. ಸ್ವೀಡನ್ನಿನ ಹರಾಲ್ಡ್ ಕ್ರಾಮರ್ 1946ರ ತಮ್ಮ ಪುಸ್ತಕದಲ್ಲಿ ಅದೇ ಮಿತಿಯನ್ನು ಸ್ವತಂತ್ರವಾಗಿ ಕೊಟ್ಟಿದ್ದರು. ಎರಡೂ ಹೆಸರನ್ನು ಜೋಡಿಸಿ ಕರೆದವರು ಅಮೆರಿಕದಲ್ಲಿದ್ದ ನೇಮನ್ ಮತ್ತು ಸ್ಕಾಟ್, 1948ರಲ್ಲಿ. ಫ್ರಾನ್ಸಿನ ಫ್ರೆಶೆ 1943ರಲ್ಲೇ ಇದನ್ನು ಮಾಡಿದ್ದರು. ಫ್ರೆಂಚರು ಇವತ್ತಿಗೂ ಅವರ ಹೆಸರು ಮೊದಲು ಸೇರಿಸಿ ಹೇಳುತ್ತಾರೆ, ಉಳಿದವರು ಮರೆತಿದ್ದಾರೆ. ಎರಡನೆಯದರ ಕಥೆ ಇನ್ನೂ ತಮಾಷೆ. ಬರ್ಕ್ಸನ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಆ ಸುಧಾರಣೆಗೆ "ಬ್ಲಾಕ್‌ವೆಲೈಸೇಷನ್" ಅಂತ ಬರೆದಿದ್ದರು. ಮೊದಲು ಮಾಡಿದ್ದು ನಾನು ಅಂತ ರಾವ್ ತಿಳಿಸಿದರೆ, ರಾವ್ ಹೆಸರು ಸೇರಿಸಿದರೆ ಕಿವಿಗೆ ಚೆನ್ನಾಗಿರಲ್ಲ ಅನ್ನುವ ಅರ್ಥದ ಉತ್ತರ ಬಂತಂತೆ!

ಇಲ್ಲಿ ಸ್ಟಿಗ್ಲರ್ ನಿಯಮ ನೆನಪಾಗಬೇಕು. ಷಿಕಾಗೋದ ಸ್ಟೀಫನ್ ಸ್ಟಿಗ್ಲರ್ 1980ರಲ್ಲಿ ಅರ್ಧ ತಮಾಷೆಯಾಗಿ ಬರೆದದ್ದು. ವಿಜ್ಞಾನದ ಯಾವ ಶೋಧಕ್ಕೂ ಅದನ್ನು ಮೊದಲು ಕಂಡುಹಿಡಿದವರ ಹೆಸರು ಇರುವುದಿಲ್ಲ ಅಂತ. ಈ ನಿಯಮವನ್ನು ತಾನು ಕಂಡುಹಿಡಿದಿಲ್ಲ, ಸಮಾಜಶಾಸ್ತ್ರಜ್ಞ ಮರ್ಟನ್ ಅವರದು ಅಂತ ಅಲ್ಲೇ ಹೇಳಿಬಿಟ್ಟರು. ಹಾಗಾಗಿ ನಿಯಮ ತನಗೆ ತಾನೇ ಉದಾಹರಣೆಯಾಗಿ ನಿಂತಿತು.

ಆದರೂ ರಾವ್ ಹೆಸರು ನಿಂತದ್ದು ಯಾಕೆ? ಫಲಿತಾಂಶ ಸುಂದರವಾಗಿದೆ ಅಂತ ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದರು. ನನಗೆ ಅದು ಸಾಲದು ಅನ್ನಿಸುತ್ತದೆ. ಸುಂದರವಾದವು ಬೇಕಾದಷ್ಟಿವೆ, ಜರ್ನಲ್‌ಗಳಲ್ಲಿ ಧೂಳು ತಿನ್ನುತ್ತಿವೆ. ರಾವ್ ಅವರದು ಬೇರೆಯವರ ದಾರಿಯಲ್ಲೇ ಬಂದು ಕೂತಿತು. ನೀವು ಹೊಸ ಅಂದಾಜಿನ ವಿಧಾನ ಕಂಡುಹಿಡಿದರೆ, "ಇದು ಕ್ರಾಮರ್-ರಾವ್ ಮಿತಿಗೆ ಎಷ್ಟು ಹತ್ತಿರ ಇದೆ?" ಅನ್ನುವ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ರೇಡಾರ್ ಮಾಡುವ ಎಂಜಿನಿಯರ್ ಕೂಡ ಕೊಡಬೇಕು, ಮೊಬೈಲ್ ಎಲ್ಲಿದೆ ಅಂತ ಹುಡುಕುವವರೂ ಕೊಡಬೇಕು. ಹೆಸರು ಹೇಳುವುದು ಇಲ್ಲಿ ಗೌರವಕ್ಕೆ ಅಲ್ಲವೇ ಅಲ್ಲ. ಹೇಳದಿದ್ದರೆ ಕೆಲಸ ಮುಂದೆ ಹೋಗಲ್ಲ, ಅದಕ್ಕೆ ಹೇಳುವುದು.

ಸಾಂಬೋನ ತೂಕ

ಇನ್ನೊಂದು ಬಗೆಯ ಹೆಸರು ಇದೆ. ಅದನ್ನು ನಾನು ಮೊದಲು ಕಂಡಿದ್ದು ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ. ಊಟ ಆದ ಮೇಲಿನ ಕ್ಲಾಸು, ಸ್ಯಾಂಪ್ಲಿಂಗ್ ಥಿಯರಿ. ಮಧ್ಯಾಹ್ನದ ಊಟದಲ್ಲಿ ರೊಟ್ಟಿ ಜಾಸ್ತಿಯಾಗಿ ಅರ್ಧ ಕ್ಲಾಸಿನ ಕಣ್ಣು ಎಳೆಯುತ್ತಿತ್ತು. ಮೇಷ್ಟ್ರು ಹಾರ್ವಿಟ್ಸ್-ಥಾಂಪ್ಸನ್ ಸೂತ್ರ (ಆರಿಸಿದ್ದರ ಅಳತೆಯನ್ನು ಅದು ಆಯ್ಕೆಯಾಗುವ ಅವಕಾಶದಿಂದ ಭಾಗಿಸಿ ಒಟ್ಟು ಮೊತ್ತ ಅಂದಾಜು ಹಾಕುವುದು) ಬರೆದು ಮುಗಿಸಿ, ಚಾಕ್‌ಪೀಸ್ ಕೆಳಗಿಟ್ಟು, "ಈಗ ಒಂದು ಸರ್ಕಸ್ ಕಂಪನಿ ಇದೆ ಅಂದ್ಕೊಳ್ರಿ" ಅಂದರು. ಎಲ್ಲರೂ ತಲೆ ಎತ್ತಿದೆವು.

ಸರ್ಕಸ್ಸಿನಲ್ಲಿ 50 ಆನೆ. ಹಡಗಿನಲ್ಲಿ ಸಾಗಿಸಬೇಕು, ಒಟ್ಟು ತೂಕದ ಅಂದಾಜು ಬೇಕು. ಐವತ್ತೂ ಆನೆ ತೂಗುವುದು ಯಾರಿಗೆ ಬೇಕು? ಮಾಲೀಕನ ಹತ್ತಿರ ಮೂರು ವರ್ಷ ಹಿಂದಿನ ತೂಕದ ಪಟ್ಟಿ ಇದೆ. ಅದರಲ್ಲಿ ಸಾಂಬೋ ಅನ್ನುವ ಆನೆಯ ತೂಕ ಸರಾಸರಿಗೆ ಸರಿಯಾಗಿತ್ತು. ಈಗಲೂ ಹಾಗೇ ಇದ್ದಾನೆ ಅಂತ ಮಾವುತ ಹೇಳುತ್ತಾನೆ. ಸರಿ, ಸಾಂಬೋನನ್ನು ತೂಗಿ 50ರಿಂದ ಗುಣಿಸೋಣ ಅಂತ ಮಾಲೀಕ. ಸರ್ಕಸ್ಸಿನ ಸಂಖ್ಯಾಶಾಸ್ತ್ರಜ್ಞನಿಗೆ ಎದೆ ಒಡೆದ ಹಾಗಾಗುತ್ತದೆ. ಹಾಗೆಲ್ಲ ಬೇಕಾದವರನ್ನು ಆರಿಸುವ ಹಾಗಿಲ್ಲ, ಲಾಟರಿ ಎತ್ತಲೇಬೇಕು! ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬರುತ್ತಾರೆ. ಲಾಟರಿಯಲ್ಲಿ ಸಾಂಬೋಗೆ 100ಕ್ಕೆ 99ರಷ್ಟು ಅವಕಾಶ, ಉಳಿದ 49 ಆನೆಗೆ ತಲಾ 4900ರಲ್ಲಿ ಒಂದು. ಎತ್ತಿದರೆ ಸಾಂಬೋನೇ ಬಂದ. ಮಾಲೀಕ ಖುಷಿಯಾಗಿ 50ರಿಂದ ಗುಣಿಸಲು ಹೋದರೆ ಪಂಡಿತ ತಡೆದ. ಸೂತ್ರದ ಪ್ರಕಾರ ಐವತ್ತು ಆನೆಗಳ ಒಟ್ಟು ತೂಕ ಅಂದರೆ ಸಾಂಬೋನ ತೂಕ ಗುಣಿಸು 100 ಭಾಗಿಸು 99. ಅಂದರೆ ಒಂದೇ ಆನೆಗಿಂತ ಚೂರು ಜಾಸ್ತಿ. ಮಾಲೀಕ ದಂಗಾಗಿ, ಹಾಗಾದರೆ ನಮ್ಮ ದೊಡ್ಡ ಆನೆ ಜಂಬೋ ಬಂದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದ. ಜಂಬೋನ ತೂಕ ಗುಣಿಸು 4900, ಅಂತ ಉತ್ತರ. ಸಂಖ್ಯಾಶಾಸ್ತ್ರಜ್ಞನ ಸರ್ಕಸ್ ಕೆಲಸ ಅಲ್ಲಿಗೆ ಹೋಯಿತು. ಬಹುಶಃ ಆಮೇಲೆ ಸಂಖ್ಯಾಶಾಸ್ತ್ರದ ಮೇಷ್ಟ್ರಾದ ಅಂತ ಮೂಲ ಲೇಖನದಲ್ಲೇ ಸೇರಿಸಿದ್ದಾರೆ. ನಮ್ಮ ಮೇಷ್ಟ್ರು ಅದನ್ನು ತಮ್ಮ ಎದೆ ಮುಟ್ಟಿಕೊಂಡು ಹೇಳಿದ್ದರು.

ಬರೆದವರು ದೇಬಬ್ರತ ಬಸು. ಢಾಕಾದಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ರಾವ್ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರು. ಬಸು ಹೆಸರಿನ ಪ್ರಮೇಯವೂ ಒಂದಿದೆ, 1955ರದ್ದು. ಪರೀಕ್ಷೆಯಲ್ಲಿ ತಪ್ಪದೆ ಬರುತ್ತದೆ. ಆದರೆ 1971ರಲ್ಲಿ ಅಚ್ಚಾದ ಆನೆ ಕಥೆ ಅದಕ್ಕಿಂತ ದೂರ ಹೋಯಿತು. ಅದರಲ್ಲಿ ಗಣಿತ ಅಂದರೆ ಒಂದು ಗುಣಾಕಾರ, ಒಂದು ಭಾಗಾಕಾರ, ಅಷ್ಟೇ. ಹಾರ್ವಿಟ್ಸ್-ಥಾಂಪ್ಸನ್ ಸೂತ್ರ ಪಕ್ಷಪಾತವಿಲ್ಲದ್ದು ಅನ್ನುವ ಒಂದೇ ಗುಣಕ್ಕೆ ಜನ ಜೋತುಬಿದ್ದಿದ್ದರು. ಆ ಗುಣ ಒಂದರಿಂದಲೇ ಹೊಟ್ಟೆ ತುಂಬಲ್ಲ ಅಂತ ಇಪ್ಪತ್ತು ಪುಟದ ವಾದದಲ್ಲಿ ಹೇಳಬಹುದಾಗಿದ್ದನ್ನು ಬಸು ಒಂದು ಆನೆಯ ಮೇಲೆ ಕೂರಿಸಿ ಕಳಿಸಿದರು. ಅದೇ ಲೇಖನಕ್ಕೆ ಪ್ರತಿಕ್ರಿಯೆ ಬರೆಯುತ್ತಾ ಪ್ರಾಗ್‌ನ ಹಾಯೆಕ್ ಒಂದು ತಿದ್ದುಪಡಿ ಸೂಚಿಸಿದರು, ಅದೇ ಇವತ್ತು ಹಾಯೆಕ್ ಅಂದಾಜು ಅಂತ ಪಠ್ಯಪುಸ್ತಕದಲ್ಲಿದೆ. ಒಬ್ಬರ ಜೋಕು ಇನ್ನೊಬ್ಬರ ಹೆಸರಿಗೂ ಕಾರಣ ಆಯಿತು.

ಇದಾಗಿ ಎಷ್ಟೋ ವರ್ಷದ ಮೇಲೆ ಆಫೀಸಿನ ಒಂದು ವಿಡಿಯೊ ಕಾಲ್. ಪೋಲೆಂಡ್‌ನ ಒಬ್ಬರು, ಅಮೆರಿಕದ ಇಬ್ಬರು, ನಾವು ಮೂವರು. ಲೆಕ್ಕದಲ್ಲಿ ಒಬ್ಬೊಬ್ಬ ರೋಗಿಗೆ ಎಷ್ಟು ಮಹತ್ವ ಅಂತ ಹೇಳುವ ಅಂಕಿಗಳು (ಇವಕ್ಕೂ ನಾವು ತೂಕ ಅಂತಲೇ ಅನ್ನುತ್ತೇವೆ) ವಿಪರೀತವಾಗಿ ಬಂದಿದ್ದವು, ಒಬ್ಬ ರೋಗಿಯ ಡೇಟಾ ಇಡೀ ಫಲಿತಾಂಶವನ್ನು ಎಳೆದಾಡುತ್ತಿತ್ತು. ಪೋಲೆಂಡ್‌ನ ಮಹಾಶಯರು ಗ್ರಾಫ್ ನೋಡಿ, "ಇವನೇ ನಮ್ಮ ಜಂಬೋ" ಅಂದರು. ಎಲ್ಲರೂ ನಕ್ಕೆವು. ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರು ಮಾತ್ರ ಪಾಪ, ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ಕೂತಿದ್ದರು. ಧಾರವಾಡದ ಮಧ್ಯಾಹ್ನದ ಕ್ಲಾಸು ಮತ್ತು ಪೋಲೆಂಡಿನ ಯಾವುದೋ ಕ್ಲಾಸು ಒಂದೇ ಕಥೆ ಹೇಳಿದ್ದವು ಅನ್ನುವುದು ನನಗೆ ಆವತ್ತು ಗೊತ್ತಾಯಿತು. ಬಸು ಅವರ ಎಚ್-ಇಂಡೆಕ್ಸ್, ಅಂದರೆ ಉಲ್ಲೇಖಗಳನ್ನು ಎಣಿಸಿ ಸಂಶೋಧಕರಿಗೆ ಕೊಡುವ ಅಂಕ, ಎಷ್ಟು ಅಂತ ಆ ಕಾಲ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಬೇಕಾಗಿಯೂ ಇರಲಿಲ್ಲ.

ಮೇಷ್ಟ್ರುಗಳಿಗೆ ಪಾಠಕ್ಕೆ ಒದಗುವಂಥದ್ದನ್ನು ಕೊಟ್ಟವರ ಹೆಸರಿಗೆ ಬೇರೆಯದೇ ಆಯಸ್ಸು ಅಂತ ನನಗೆ ಅನ್ನಿಸುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಕಿವಿಗೆ ಬಿದ್ದ ಹೆಸರು, ಅದೂ ನಕ್ಕ ನೆನಪಿನ ಜೊತೆ ಬಿದ್ದದ್ದು, ಹೋಗಲ್ಲ.

ಕಪ್ಲಾನ್ ಮತ್ತು ಮಯರ್

ಇನ್ನು ಸಂಖ್ಯೆಗಳ ವಿಷಯ. ನಮ್ಮ ಕಚೇರಿಯಲ್ಲಿ ಪ್ರತಿದಿನ ಯಾರಾದರೂ ಒಬ್ಬರು ಕಪ್ಲಾನ್-ಮಯರ್ ಗ್ರಾಫ್ ಹಾಕುತ್ತಾ ಇರುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆ, ಕ್ಯಾನ್ಸರ್ ಔಷಧಿಯ ಯಾವ ವರದಿಯಲ್ಲೂ ಇರುತ್ತದೆ. ಇಷ್ಟು ತಿಂಗಳ ನಂತರ ಶೇಕಡ ಎಷ್ಟು ಜನ ಬದುಕಿದ್ದಾರೆ ಅಂತ ಹೇಳುತ್ತದೆ, ಮಧ್ಯದಲ್ಲಿ ಆಸ್ಪತ್ರೆಗೆ ಬರುವುದು ನಿಲ್ಲಿಸಿದವರನ್ನೂ ಲೆಕ್ಕದಿಂದ ಪೂರ್ತಿ ಬಿಡದೆ. 1958ರ ಲೇಖನ. 2014ರಲ್ಲಿ ನೇಚರ್ ಪತ್ರಿಕೆ ಎಲ್ಲ ವಿಜ್ಞಾನಗಳಲ್ಲಿ ಅತಿ ಹೆಚ್ಚು ಉಲ್ಲೇಖವಾದ 100 ಲೇಖನಗಳ ಪಟ್ಟಿ ಮಾಡಿದಾಗ ಇದು 11ನೆಯದು. ಸಾಪೇಕ್ಷತಾ ಸಿದ್ಧಾಂತ ಆ ಪಟ್ಟಿಯಲ್ಲಿ ಇಲ್ಲ, ಡಿಎನ್‌ಎ ಸುರುಳಿಯೂ ಇಲ್ಲ. ಮೊದಲನೆಯದು 1951ರಲ್ಲಿ ಆಲಿವರ್ ಲೌರಿ ಮತ್ತು ಜೊತೆಗಾರರು ಬರೆದ, ಪ್ರೋಟೀನ್ ಅಳೆಯುವ ವಿಧಾನ. ಮೂರು ಲಕ್ಷಕ್ಕೂ ಜಾಸ್ತಿ ಉಲ್ಲೇಖ. ಅದೇನೂ ಮಹಾ ಲೇಖನವಲ್ಲ ಅಂತ ಗೊತ್ತು, ಆದರೂ ಒಳಗೊಳಗೇ ಖುಷಿಯಾಗುತ್ತದೆ ಅಂತ ಲೌರಿಯವರೇ ಬರೆದುಕೊಂಡಿದ್ದರು. ಪ್ರಾಮಾಣಿಕ ಮನುಷ್ಯ.

ನಮ್ಮ ಹೊಸ ಹುಡುಗರನ್ನು ಸುಮ್ನೆ ಕೇಳಿ ನೋಡಿದ್ದೇನೆ, ಕಪ್ಲಾನ್-ಮಯರ್ ಯಾರು ಅಂತ. ಒಬ್ಬರೇ ವ್ಯಕ್ತಿ ಅಂದುಕೊಂಡವರೇ ಜಾಸ್ತಿ. ಇಬ್ಬರು. ಎಡ್ವರ್ಡ್ ಕಪ್ಲಾನ್ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಸಮುದ್ರದ ತಳದ ಟೆಲಿಫೋನ್ ಕೇಬಲ್‌ಗಳೊಳಗಿನ ವ್ಯಾಕ್ಯೂಮ್ ಟ್ಯೂಬ್ ಎಷ್ಟು ದಿನ ಬಾಳುತ್ತದೆ ಅಂತ ನೋಡುತ್ತಿದ್ದರು. ಪಾಲ್ ಮಯರ್ ಕ್ಯಾನ್ಸರ್ ರೋಗಿಗಳ ಲೆಕ್ಕ ನೋಡುತ್ತಿದ್ದರು. ಟ್ಯೂಬ್ ಮತ್ತು ರೋಗಿ, ಲೆಕ್ಕ ಒಂದೇ. ಕಪ್ಲಾನ್ ತಮ್ಮ ಲೇಖನವನ್ನು ಅಲ್ಲೇ ಇದ್ದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿಗೆ ತೋರಿಸಿದರೆ, ಟ್ಯೂಕಿ ಕೈಗೆ ಆಗಷ್ಟೇ ಮಯರ್ ಅವರದ್ದೂ ಬಂದಿತ್ತು. ಜರ್ನಲ್ ಸಂಪಾದಕರು ಇಬ್ಬರೂ ಸೇರಿ ಒಂದೇ ಬರೆಯಿರಿ ಅಂದರು. ಕಾಗದ ಬರೆದುಕೊಂಡು ಭಿನ್ನಾಭಿಪ್ರಾಯ ಬಗೆಹರಿಸಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಬೇರೆ ಯಾರಾದರೂ ಇದನ್ನೇ ಅಚ್ಚು ಹಾಕಿಸಿಬಿಟ್ಟರೆ ಅನ್ನುವ ಭಯ ಇಬ್ಬರಿಗೂ ಇತ್ತಂತೆ. ಅಚ್ಚಾದ ಮೇಲೂ ಒಂದು ದಶಕಕ್ಕೂ ಹೆಚ್ಚು ಕಾಲ ಯಾರೂ ಜಾಸ್ತಿ ತಿರುಗಿ ನೋಡಲಿಲ್ಲ. 1970ರ ದಶಕದಲ್ಲಿ ಕಂಪ್ಯೂಟರ್ ಬಳಕೆ ಹೆಚ್ಚಿ ಡಾಕ್ಟರುಗಳ ಕೈಗೆ ಈ ಲೆಕ್ಕ ಸಿಕ್ಕಾಗ ಉಲ್ಲೇಖಗಳು ಏರಿದವು. ಮಯರ್ ಮುಂದೆ ಔಷಧಿ ಪ್ರಯೋಗಗಳಲ್ಲಿ ಲಾಟರಿ ಮೂಲಕವೇ ರೋಗಿಗಳನ್ನು ಹಂಚಬೇಕು ಅಂತ ಹಟ ಹಿಡಿದು ವಾದ ಮಾಡಿ, ಆ ವಲಯದಲ್ಲಿ ಮನುಷ್ಯರಾಗಿಯೂ ಪರಿಚಿತರಾದರು. ಕಪ್ಲಾನ್ ಬಹುಪಾಲು ಬರೀ ಹೆಸರಾಗಿ ಉಳಿದರು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಬ್ಬರು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್. ಕಂಪನಿಯ ನಿಯಮದಿಂದಾಗಿ ಸ್ವಂತ ಹೆಸರಿನಲ್ಲಿ ಬರೆಯುವ ಹಾಗಿರಲಿಲ್ಲ, "ಸ್ಟೂಡೆಂಟ್" ಅಂತ 1908ರಲ್ಲಿ ಬರೆದರು. ಸ್ಟೂಡೆಂಟ್ ಟಿ-ಪರೀಕ್ಷೆ ಬಿ.ಎಸ್ಸಿ. ಮಕ್ಕಳಿಗೂ ಗೊತ್ತು. ಲೇಖನದ ಮೇಲೆ ಹೆಸರೇ ಇಲ್ಲದ ಈ ಮನುಷ್ಯ ಅಂದಿನ ಸಂಖ್ಯಾಶಾಸ್ತ್ರಜ್ಞರಿಗೆಲ್ಲ ಚೆನ್ನಾಗಿ ಗೊತ್ತಿದ್ದರು. ಕಾರ್ಲ್ ಪಿಯರ್ಸನ್ ಮತ್ತು ಫಿಶರ್ ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳ ಆಡಿಕೊಂಡವರು, ಇಬ್ಬರಿಗೂ ಗಾಸೆಟ್ ಗೆಳೆಯ. ಬಾರ್ಲಿ ಹೊಲದ ನಿಜವಾದ ಸಮಸ್ಯೆಗಳನ್ನು ಕಾಗದದಲ್ಲಿ ಬರೆದು ಇಬ್ಬರನ್ನೂ ಕೇಳುತ್ತಿದ್ದರು, ತಮಗೆ ಬರದ ಗಣಿತವನ್ನು ಬರಲ್ಲ ಅಂತಲೇ ಬರೆಯುತ್ತಿದ್ದರು. ಕಪ್ಲಾನ್ ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ. ಗಾಸೆಟ್ ಮನುಷ್ಯ ಗೊತ್ತು, ಹೆಸರು ಅಚ್ಚಿನಲ್ಲಿಲ್ಲ. ಉಲ್ಲೇಖ ಎಣಿಸುವ ಈಗಿನ ಗೂಗಲ್ ಸ್ಕಾಲರ್ ಪ್ರೊಫೈಲ್‌ಗಳಿಗೆ ಇವೆರಡರ ವ್ಯತ್ಯಾಸ ಅರ್ಥವಾಗಲ್ಲ.

ನೀರು ಯಾವ ಕಡೆಯಿಂದ ಬರುತ್ತೆ

ಮೈಸೂರು ರಸ್ತೆಯ ಐಎಸ್‌ಐ ಕ್ಯಾಂಪಸ್ಸಿನಲ್ಲಿ ಒಮ್ಮೆ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಬೆಳಗ್ಗೆ ವಿದೇಶದಿಂದ ಬಂದ ದೊಡ್ಡ ಹೆಸರಿನವರೊಬ್ಬರ ಭಾಷಣ. ಟೀ ಬ್ರೇಕ್‌ನಲ್ಲಿ ಅವರ ಸುತ್ತ ಸೆಲ್ಫಿಯ ಗುಂಪು, ಅದು ಸಹಜ. ಅದೇ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ, ಬಿಸ್ಕತ್ ತಟ್ಟೆಯ ಪಕ್ಕ, ಕೃಷಿ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಒಬ್ಬ ಮೇಡಂ ನಿಂತಿದ್ದರು. ಕಾಟನ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಅವರ ಮುಂದೆ ನಾಲ್ಕೈದು ಜನ ಲ್ಯಾಪ್‌ಟಾಪ್ ತೆರೆದುಕೊಂಡೇ ನಿಂತಿದ್ದರು. ಸಾಲು ಅಂತಲೇ ಅನ್ನಬಹುದು. ನಾನೂ ಹೋಗಿ ಕಿವಿ ಕೊಟ್ಟೆ. ಒಬ್ಬ ಹುಡುಗ ರಾಗಿ ತಳಿಗಳ ಪ್ರಯೋಗದ ಡೇಟಾ ತೋರಿಸಿ, ಮಾಡೆಲ್ ಯಾಕೋ ಸರಿಹೋಗುತ್ತಿಲ್ಲ ಮೇಡಂ ಅಂದ. ಅವರು ಸ್ಕ್ರೀನ್ ಕಡೆ ನೋಡಲೇ ಇಲ್ಲ. "ಹೊಲಕ್ಕೆ ನೀರು ಯಾವ ಕಡೆಯಿಂದ ಬರುತ್ತಪ್ಪಾ?" ಅಂದರು. ಹುಡುಗನಿಗೆ ಗೊತ್ತಿರಲಿಲ್ಲ. "ಇಳಿಜಾರು ಇದೆಯಾ? ಬದಿಯಲ್ಲಿ ಮರ?" ಅದೂ ಗೊತ್ತಿರಲಿಲ್ಲ. "ಫೋನ್ ಮಾಡಿ ಕೇಳು, ಆಮೇಲೆ ಬಾ." ಹುಡುಗ ಹೊರಗೆ ಹೋಗಿ ಫೋನ್ ಮಾಡಿ ಬಂದ. ನೀರು ಪೂರ್ವದಿಂದ, ತಾಕುಗಳ ಗುಂಪುಗಳನ್ನೂ ಅದೇ ದಿಕ್ಕಿಗೆ ಉದ್ದಕ್ಕೆ ಮಾಡಿದ್ದಾರೆ. ಹಾಗಾಗಿ ಒಂದೇ ಗುಂಪಿನೊಳಗೆ ಒಂದು ತಳಿಗೆ ನೀರು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಫಿಶರ್ ಗುಂಪು ಮಾಡಲು ಹೇಳಿದ್ದೇ ಹೊಲದ ಈ ಏರುಪೇರು ತಳಿಗಳ ಹೋಲಿಕೆಯನ್ನು ಕೆಡಿಸಬಾರದು ಅಂತ. ಇಲ್ಲಿ ಗುಂಪು ಇದ್ದೂ ಇಲ್ಲದ ಹಾಗಾಗಿತ್ತು. ಮೇಡಂ ಚೀಲದಿಂದ ಪೆನ್ನು ತೆಗೆದು ಟೀ ಕಪ್ ಕೆಳಗಿನ ಪೇಪರ್ ನ್ಯಾಪ್ಕಿನ್ ಮೇಲೆ ಹೊಲದ ಚಿತ್ರ ಬರೆದುಕೊಟ್ಟರು.

ಆಮೇಲೆ ಅವರ ಪ್ರೊಫೈಲ್ ಹುಡುಕಿದೆ, ಕೆಟ್ಟ ಕುತೂಹಲ. ತೆಳ್ಳಗಿತ್ತು. ಆದರೆ ಕೃಷಿ ವಿಷಯದ ಥೀಸಿಸ್‌ಗಳ ಕೃತಜ್ಞತೆಯ ಪುಟ ತೆರೆದರೆ ಅವರ ಹೆಸರು ಮೇಲಿಂದ ಮೇಲೆ ಸಿಗುತ್ತದೆ. ಉಲ್ಲೇಖ ಎಣಿಸುವ ಯಂತ್ರಗಳು ಆ ಪುಟ ಓದುವುದಿಲ್ಲ. ಆ ಕಾರ್ಯಾಗಾರದಲ್ಲಿ ಅವತ್ತು ಹೆಸರುವಾಸಿ ಯಾರು ಅಂತ ನನ್ನನ್ನು ಕೇಳಿದರೆ ನಾನು ಬಿಸ್ಕತ್ ತಟ್ಟೆಯ ಕಡೆ ಕೈ ತೋರಿಸುತ್ತೇನೆ. ಕೆಲಸ ನಿಂತುಹೋದಾಗ ಯಾರ ಹೆಸರು ಮೊದಲು ನೆನಪಾಗುತ್ತದೆ, ನನ್ನ ಲೆಕ್ಕದಲ್ಲಿ ಅದೇ ಅಳತೆ. ರಾವ್ ಅವರ ಮಿತಿ, ಬಸು ಅವರ ಆನೆ, ಗಾಸೆಟ್ ಅವರ ಕಾಗದ, ಈ ಮೇಡಂ, ಎಲ್ಲರೂ ನನಗೆ ಇದೇ ಅಳತೆಯಲ್ಲಿ ದೊಡ್ಡವರಾಗಿ ಕಾಣುತ್ತಾರೆ.

ಆದರೆ ಇದನ್ನು ಇಷ್ಟು ಹಿತವಾಗಿ ಹೇಳಿ ಬಿಡುವ ಹಾಗಿಲ್ಲ. ನೆನಪಾಗಬೇಕು ಅಂದರೆ ಮೊದಲು ಕಿವಿಗೆ ಬಿದ್ದಿರಬೇಕು. ಮರ್ಟನ್ 1968ರಲ್ಲಿ ಬರೆದದ್ದು ಇದನ್ನೇ: ಒಂದೇ ಗುಣದ ಕೆಲಸಕ್ಕೆ ಈಗಾಗಲೇ ಹೆಸರಿದ್ದವರಿಗೆ ಜಾಸ್ತಿ ಶ್ರೇಯಸ್ಸು, ಇಲ್ಲದವರಿಗೆ ಕಡಿಮೆ. ಇದ್ದವರಿಗೇ ಇನ್ನಷ್ಟು ಸಿಗುತ್ತದೆ ಅನ್ನುವ ಮಾತಿರುವ ಬೈಬಲ್‌ನ ಮತ್ತಾಯನ ಹೆಸರನ್ನು ಅದಕ್ಕೆ ಇಟ್ಟರು. ಆ ಲೇಖನಕ್ಕೆ ಆಧಾರವಾಗಿದ್ದು ನೊಬೆಲ್ ವಿಜೇತರನ್ನು ಹ್ಯಾರಿಯೆಟ್ ಜುಕರ್‌ಮನ್ ಸಂದರ್ಶಿಸಿ ತಂದ ಮಾತುಗಳು, ಲೇಖಕರ ಜಾಗದಲ್ಲಿ ಮಾತ್ರ ಮರ್ಟನ್ ಒಬ್ಬರೇ. ಇದು ಜಂಟಿ ಹೆಸರಿನಲ್ಲಿ ಬರಬೇಕಿತ್ತು ಅಂತ 1973ರಲ್ಲಿ ಅವರೇ ಬರೆದರು. ಅಷ್ಟರಲ್ಲಿ ತಡ ಆಗಿತ್ತು, ಎಲ್ಲರೂ ಮರ್ಟನ್ ಅಂತಲೇ ಹೇಳುತ್ತಾರೆ.

ಸೈನ್ಯದ ಸರ್ವೆ ಕೆಲಸದ ಮಾತಿಗೆ ಈಗ ಬರುತ್ತೇನೆ. ಅದು ಸಿಕ್ಕಿದ್ದರೂ ರಾವ್ ಗಣಿತ ಮಾಡುತ್ತಿದ್ದರೋ ಏನೋ. ಆದರೆ ಮಹಾಲನೋಬಿಸ್ ಅವರ ಸಂಸ್ಥೆ ಅಂದರೆ ಬರೀ ಕಟ್ಟಡ ಅಲ್ಲ. 1933ರಿಂದ ಅಲ್ಲಿಂದ 'ಸಂಖ್ಯಾ' ಜರ್ನಲ್ ಬರುತ್ತಿತ್ತು, ಫಿಶರ್ ಅಲ್ಲಿಗೆ ಬಂದುಹೋಗಿದ್ದರು. 1946ರಲ್ಲಿ ಕೇಂಬ್ರಿಡ್ಜ್‌ನ ಮ್ಯೂಸಿಯಂನವರು ಸುಡಾನ್‌ನ ಹಳೆಯ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು ಒಬ್ಬರು ಬೇಕು ಅಂದಾಗ ರಾವ್ ಅಲ್ಲಿಗೆ ಹೋದರು, ಅಲ್ಲೇ ಫಿಶರ್ ಕೈಕೆಳಗೆ ಪಿಎಚ್.ಡಿ. ಮಾಡಿದರು. ಕಲ್ಕತ್ತಾದ ಬುಲೆಟಿನ್‌ನ ಹನ್ನೊಂದು ಪುಟಕ್ಕೆ ಈ ದಾರಿಗಳೆಲ್ಲ ಇದ್ದವು. ಹಡಗಲಿಯಲ್ಲೋ ಹರಪನಹಳ್ಳಿಯಲ್ಲೋ ಒಬ್ಬ ಹೈಸ್ಕೂಲ್ ಮೇಷ್ಟ್ರು ಅಷ್ಟೇ ಒಳ್ಳೆಯ ಹನ್ನೊಂದು ಪುಟ ಬರೆದಿದ್ದರೆ ಅದನ್ನು ಕೇಂಬ್ರಿಡ್ಜ್‌ಗೋ ಅಮೆರಿಕದ ಬರ್ಕ್ಲಿಗೋ ಹೊತ್ತುಕೊಂಡು ಹೋಗಲು ಯಾರೂ ಇರಲಿಲ್ಲ.

ಈಗ ಹೊರುವ ಕೆಲಸ ಬೇರೆ ಥರ ನಡೆಯುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಇಹಾಕಾ ಮತ್ತು ಜೆಂಟಲ್‌ಮನ್ ಮಾಡಿದ, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆ 'ಆರ್' ಪುಕ್ಕಟೆ ಸಿಗುವುದರಿಂದ ಪ್ರಪಂಚದ ತುಂಬ ಹರಡಿತು. ಅದರಲ್ಲಿ ಗ್ರಾಫ್ ಬರೆಯುವ ಪ್ಯಾಕೇಜ್ ಮಾಡಿದ ಹ್ಯಾಡ್ಲಿ ವಿಕಮ್ ಅವರಿಗೆ 2019ರಲ್ಲಿ ಸಂಖ್ಯಾಶಾಸ್ತ್ರ ಸಂಘಗಳು ಸೇರಿ ಕೊಡುವ ಕಾಪ್ಸ್ ಅಧ್ಯಕ್ಷರ ಪ್ರಶಸ್ತಿ ಬಂತು. ಸಾಮಾನ್ಯವಾಗಿ ಥಿಯರಿಯವರ ಪಾಲಾಗುವ ಪ್ರಶಸ್ತಿ ಅದು. ಕೆಲವು ಹಿರಿಯರು ಗೊಣಗಿದರು, ಪ್ರೋಗ್ರಾಮ್ ಬರೆಯುವುದೂ ಸಂಶೋಧನೆಯಾ ಅಂತ. ಗೊಣಗಿದವರ ಪೇಪರ್‌ನ ಗ್ರಾಫ್‌ಗಳೂ ಅದೇ ಪ್ಯಾಕೇಜಿನಲ್ಲಿ ಬರೆದವೇ ಇರಬೇಕು ಅನ್ನುವುದು ನನ್ನ ಅನುಮಾನ.

ನಮ್ಮ ಟೀಮಿನ ಒಬ್ಬ ಹುಡುಗಿ ಇತ್ತೀಚೆಗೆ ಕಪ್ಲಾನ್-ಮಯರ್ ಟೇಬಲ್‌ಗಳನ್ನು ನೀಟಾಗಿ ಹಾಕುವ ಒಂದು ಸಣ್ಣ ಪ್ಯಾಕೇಜ್ ಮಾಡಿ, ಪ್ರೋಗ್ರಾಮ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟಿದ್ದಳು. ಲಿಂಕ್ಡ್‌ಇನ್‌ನಲ್ಲಿ ಹಾಕಿದಾಗ ಚಪ್ಪಾಳೆ ಬೇಕಾದಷ್ಟು ಬಂತು, ಬಳಸಿದವರು ಕಾಣಲಿಲ್ಲ. ಹೋದ ವಾರ ಎಲ್ಲಿಂದಲೋ ಯಾರೋ ಗೊತ್ತಿಲ್ಲದವರು ಬರೆದಿದ್ದಾರೆ, ಒಂದೇ ದಿನ ಸಾವು ಮತ್ತು ಬಿಟ್ಟುಹೋದವರು ಎರಡೂ ಇದ್ದರೆ ನಿಮ್ಮ ಟೇಬಲ್‌ನಲ್ಲಿ ಅಪಾಯದಲ್ಲಿರುವವರ (ಅಂದರೆ ಆ ದಿನಕ್ಕೆ ಇನ್ನೂ ಲೆಕ್ಕದಲ್ಲಿ ಉಳಿದಿರುವವರ) ಸಂಖ್ಯೆ ತಪ್ಪು ಬರುತ್ತಿದೆ ಅಂತ, ಉದಾಹರಣೆ ಸಮೇತ. ಅವಳಿಗೆ ಸಿಟ್ಟು ಬಂದಿತ್ತು. "ಸರ್, ಪುಕ್ಕಟೆ ಕೊಟ್ಟಿದ್ದಕ್ಕೆ ಇದೂ ಬೇರೆ. ಉತ್ತರ ಕೊಡಲೇಬೇಕಾ?" ಉದಾಹರಣೆ ಕಳಿಸುವಷ್ಟು ಕೂತು ನೋಡಿದ್ದಾರಲ್ಲಮ್ಮ, ಸೋಮವಾರದೊಳಗೆ ಸರಿ ಮಾಡಿ ಬರಿ ಅಂದೆ. ಎದ್ದು ಹೋಗುತ್ತಾ, ಸಾವು ಮೊದಲಾ ಬಿಟ್ಟುಹೋಗಿದ್ದು ಮೊದಲಾ ಸರ್, 1958ರ ಪೇಪರ್‌ನಲ್ಲಿ ಏನಿದೆ ಅಂತ ಕೇಳಿದಳು. ಸಾವು ಮೊದಲು ಅಂತ ಎಣಿಸಬೇಕು.